ಎರಡು ವೇದಿಕೆ, ಒಂದು ಕಂಠ: ಸನ್‌ಡ್ಯಾನ್ಸ್ ಹೆಡ್ ಮತ್ತು ಟಿವಿ ಸ್ಪರ್ಧೆಗಳ ಲೆಕ್ಕ

2016ರ ಡಿಸೆಂಬರ್ 13ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ದಿ ವಾಯ್ಸ್’ ಗಾಯನ ಸ್ಪರ್ಧೆಯ 11ನೇ ಆವೃತ್ತಿಯ ಫಲಿತಾಂಶ ಪ್ರಕಟವಾಯಿತು. ಗೆದ್ದವರು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ಉತ್ತರಕ್ಕಿರುವ ಪೋರ್ಟರ್ ಎಂಬ ಊರಿನ ಸನ್‌ಡ್ಯಾನ್ಸ್ ಹೆಡ್. ದಟ್ಟ ಗಡ್ಡ, ದಪ್ಪ ಮೈಕಟ್ಟು, ಮೂವತ್ತರ ಕೊನೆಗೆ ಬಂದಿದ್ದ ವಯಸ್ಸು. ಯುವ ಪ್ರತಿಭೆಯನ್ನು ಹುಡುಕುತ್ತೇವೆಂದು ಹೇಳಿಕೊಳ್ಳುವ ಕಾರ್ಯಕ್ರಮಗಳ ವಿಜೇತರ ಸಾಲಿನಲ್ಲಿ ಅವರದು ಅಪರೂಪದ ಮುಖವಾಗಿತ್ತು. ಅದಕ್ಕಿಂತ ಅಪರೂಪದ ಸಂಗತಿ ಇನ್ನೊಂದಿದೆ. ಸುಮಾರು ಹತ್ತು ವರ್ಷಗಳ ಹಿಂದೆ, 2007ರ ಮಾರ್ಚ್ 8ರಂದು, ಇದೇ ಗಾಯಕರು ಇನ್ನೊಂದು ವಾಹಿನಿಯ ‘ಅಮೆರಿಕನ್ ಐಡಲ್’ ವೇದಿಕೆಯಿಂದ, ಕೊನೆಯ 16 ಮಂದಿಯ ಹಂತದಲ್ಲಿ, ಪ್ರೇಕ್ಷಕರ ಮತ ಸಾಲದೆ ಮನೆಗೆ ಮರಳಿದ್ದರು.

ಒಂದು ದೊಡ್ಡ ಸ್ಪರ್ಧೆಯಲ್ಲಿ ಸೋತು ಇನ್ನೊಂದರಲ್ಲಿ ಗೆದ್ದವರು ಬಹಳ ಮಂದಿ ಇಲ್ಲ. ಹೀಗಾಗಿ ಟಿವಿ ಸ್ಪರ್ಧೆ ಒಬ್ಬ ಗಾಯಕನಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬ ಪ್ರಶ್ನೆಯನ್ನು ಅಳೆದು ನೋಡಲು ಹೆಡ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಹಾಡುವ ಶೈಲಿಗೆ ‘ಕಂಟ್ರಿ ಸೋಲ್’ ಎಂಬ ಹೆಸರಿದೆ: ಬಿಳಿಯರ ಗ್ರಾಮೀಣ ಸಂಗೀತವೆಂದು ಹೆಸರಾದ ಕಂಟ್ರಿ ಮತ್ತು ಕಪ್ಪು ಜನರ ಚರ್ಚಿನಿಂದ ಹೊರಟು ಬಂದ ಸೋಲ್, ಇವೆರಡೂ ಒಂದೇ ಕಂಠದಲ್ಲಿ ಕೂಡುವ ಜಾಗ. ಈ ಬಗೆಯ ಕಂಠ ಟಿವಿ ಸ್ಪರ್ಧೆಗೆ ಹೇಳಿ ಮಾಡಿಸಿದಂತಿದೆ. ಆದರೆ ಸ್ಪರ್ಧೆ ಮುಗಿದ ಮರುದಿನದಿಂದ ಅದನ್ನು ಮಾರುವ ಅಂಗಡಿಯಲ್ಲಿ ಅದಕ್ಕೆ ಕಪಾಟೇ ಇಲ್ಲ. ಹೆಡ್ ಅವರ ಗೆಲುವಿಗೂ ಗೆಲುವಿನ ನಂತರದ ಮೌನಕ್ಕೂ ಇದೇ ಕಾರಣವೆಂದು ನನ್ನ ತಿಳಿವಳಿಕೆ.

ಮೊದಲು ಆ ಶೈಲಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. 2016ರ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಹೆಡ್ ಆರಿಸಿಕೊಂಡದ್ದು ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ ‘ಐ ಹ್ಯಾವ್ ಬೀನ್ ಲವಿಂಗ್ ಯೂ ಟೂ ಲಾಂಗ್’. ‘ದಿ ವಾಯ್ಸ್’ನ ಮೊದಲ ಸುತ್ತಿನಲ್ಲಿ ನಾಲ್ವರು ತರಬೇತುದಾರರು ಗಾಯಕನಿಗೆ ಬೆನ್ನು ಮಾಡಿ ದೊಡ್ಡ ಕೆಂಪು ಕುರ್ಚಿಗಳಲ್ಲಿ ಕುಳಿತಿರುತ್ತಾರೆ, ಕಂಠ ಹಿಡಿಸಿದರೆ ಗುಂಡಿ ಒತ್ತುತ್ತಾರೆ, ಆಗ ಮಾತ್ರ ಕುರ್ಚಿ ತಿರುಗುತ್ತದೆ. ಗಾಯಕನಿಗೆ ಸಿಗುವುದು ಒಂದೂವರೆ ನಿಮಿಷದಷ್ಟು ಕಾಲ. ರೆಡ್ಡಿಂಗ್ ಅವರ ಆ ಹಾಡಿನ ತಾಳ ನಾಲ್ಕು ಪೆಟ್ಟಿನದು, ಆದರೆ ಒಂದೊಂದು ಪೆಟ್ಟಿನ ಒಳಗೂ ಮೂರು ಮೂರು ಮಾತ್ರೆಗಳಿವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ವಿಳಂಬ ಕಾಲದ ತಿಶ್ರ ನಡೆ: ತಕಿಟ, ತಕಿಟ, ತಕಿಟ, ತಕಿಟ. ಗಿಟಾರ್ ಅಥವಾ ಪಿಯಾನೊ ಆ ಮೂರರ ಎಣಿಕೆಯನ್ನು ತಪ್ಪದೆ ನಡೆಸುತ್ತಿರುವಾಗ ಗಾಯಕ ಅದರ ಮೇಲೆ ಒಂದು ಪದವನ್ನು ಎಳೆದು ನಿಲ್ಲಿಸಬಹುದು, ತಡವಾಗಿ ಬರಬಹುದು, ಸ್ವರದಿಂದ ಸ್ವರಕ್ಕೆ ಜಾರಬಹುದು, ಕೊನೆಗೆ ಕಂಠ ಬಿರಿಯುವಂತೆ ಕೂಗಿ ಪೆಟ್ಟಿಗೆ ಸರಿಯಾಗಿ ಬಂದು ಸೇರಬಹುದು. ಹಾಡಿನ ಮೊದಲ ಸಾಲೇ ಎಳೆದು ನಿಲ್ಲುವ ಸಾಲು. ಹಾಡುವವರಿಗೆ ಬೆನ್ನು ತಿರುಗಿಸಿ ಕುಳಿತವರನ್ನು ತಿರುಗಿಸಲು ಇದಕ್ಕಿಂತ ಚುರುಕಾದ ಉಪಾಯವಿಲ್ಲ, ಏಕೆಂದರೆ ಒಂದೇ ಸಾಲಿನಲ್ಲಿ ಗಾಯಕನ ಉಸಿರು, ಶ್ರುತಿ, ಲಯಜ್ಞಾನ, ಧೈರ್ಯ ಎಲ್ಲವೂ ಬಯಲಾಗುತ್ತವೆ.

ಇದೇ ವಿಳಂಬ ತಿಶ್ರ ನಡೆ ಕಂಟ್ರಿಯ ವಿರಹಗೀತೆಗಳಲ್ಲಿಯೂ ಇದೆ. ಸ್ಟೀಲ್ ಗಿಟಾರ್ ತಂತಿಯ ಮೇಲೆ ಲೋಹದ ತುಂಡು ಜಾರುವಾಗ ಹೊರಡುವ ನಾದ ಮತ್ತು ಸೋಲ್ ಗಾಯಕನ ಗಂಟಲಿನ ಜಾರು, ಇವೆರಡೂ ಒಂದೇ ಗಮಕದ ಎರಡು ರೂಪಗಳಂತೆ ಕೇಳಿಸುತ್ತವೆ. ಈ ಎರಡು ಸಂಗೀತಗಳು ಹುಟ್ಟಿ ಬೆಳೆದದ್ದು ಒಂದೇ ದಕ್ಷಿಣದ ನೆಲದಲ್ಲಿ. ಅವುಗಳನ್ನು ಬೇರೆ ಮಾಡಿದ್ದು ವ್ಯಾಪಾರ. 1920ರ ದಶಕದಲ್ಲಿ ಧ್ವನಿಮುದ್ರಣ ಕಂಪನಿಗಳು ಕಪ್ಪು ಗಾಯಕರ ತಟ್ಟೆಗಳನ್ನು ‘ರೇಸ್’ ಎಂಬ ಪಟ್ಟಿಯಲ್ಲಿ, ಬಿಳಿಯ ಗ್ರಾಮೀಣ ಗಾಯಕರ ತಟ್ಟೆಗಳನ್ನು ‘ಹಿಲ್‌ಬಿಲಿ’ ಎಂಬ ಪಟ್ಟಿಯಲ್ಲಿ ಮಾರತೊಡಗಿದವು. ಸಂಗೀತಗಾರರು ಮಾತ್ರ ಆ ಗೋಡೆಯನ್ನು ಪೂರ್ತಿಯಾಗಿ ಒಪ್ಪಿಕೊಂಡದ್ದು ಎಂದೂ ಇಲ್ಲ. 1962ರಲ್ಲಿ ಕಪ್ಪು ಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳನ್ನೇ ಆರಿಸಿ ತಮ್ಮ ರೀತಿಯಲ್ಲಿ ಹಾಡಿದ ಆಲ್ಬಂ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯತೆಯ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ಉಳಿಯಿತು. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ರಿಕ್ ಹಾಲ್ ನಡೆಸುತ್ತಿದ್ದ ಫೇಮ್ ಸ್ಟುಡಿಯೋದಲ್ಲಿ ಕಂಟ್ರಿ ಕೇಳಿ ಬೆಳೆದ ಬಿಳಿಯ ವಾದ್ಯಗಾರರು ಕಪ್ಪು ಸೋಲ್ ಗಾಯಕರ ಹಿಂದೆ ಕುಳಿತು ನುಡಿಸಿದರು.

ಹೆಡ್ ಅವರಿಗೆ ಈ ಇತಿಹಾಸ ಮನೆಯದೇ. ಅವರ ತಂದೆ ರಾಯ್ ಹೆಡ್ 1965ರಲ್ಲಿ ‘ಟ್ರೀಟ್ ಹರ್ ರೈಟ್’ ಎಂಬ ಹಾಡಿನಿಂದ ಅಮೆರಿಕದಾದ್ಯಂತ ಹೆಸರಾದವರು. ಅದು ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿ ಅಲ್ಲಿಯೇ ನಿಂತಿತು. ಮೊದಲ ಸ್ಥಾನದಲ್ಲಿ ಬೀಟಲ್ಸ್ ಅವರ ‘ಯೆಸ್ಟರ್‌ಡೇ’ ಕುಳಿತಿತ್ತು. ಆ ಹಾಡನ್ನು ಹೊರತಂದದ್ದು ಹ್ಯೂಸ್ಟನ್‌ನ ಕಪ್ಪು ಉದ್ಯಮಿ ಡಾನ್ ರೋಬಿ ಅವರ ಬ್ಯಾಕ್ ಬೀಟ್ ಕಂಪನಿ, ಮತ್ತು ಅದು ಕಪ್ಪು ಕೇಳುಗರ ಆರ್ ಅಂಡ್ ಬಿ ಪಟ್ಟಿಯಲ್ಲಿಯೂ ಅಷ್ಟೇ ಎತ್ತರಕ್ಕೆ ಏರಿತು. ವೇದಿಕೆಯ ಮೇಲೆ ಲಾಗ ಹಾಕಿ, ಕಾಲು ಚಾಚಿ ನೆಲಕ್ಕೆ ಕುಸಿದು ಮತ್ತೆ ಪುಟಿದೇಳುತ್ತಿದ್ದ ರಾಯ್, 1970ರ ದಶಕದಲ್ಲಿ ಕಂಟ್ರಿ ಗಾಯಕರಾಗಿ ಇನ್ನೊಂದು ವೃತ್ತಿಯನ್ನೇ ಕಟ್ಟಿಕೊಂಡು ಆ ಪಟ್ಟಿಗಳಲ್ಲಿಯೂ ಕಾಣಿಸಿಕೊಂಡರು. ತಂದೆ ಎರಡು ಕಾಲಘಟ್ಟಗಳಲ್ಲಿ ಒಂದಾದ ಮೇಲೊಂದರಂತೆ ಹಾಡಿದ್ದನ್ನು ಮಗ ಒಂದೇ ಉಸಿರಿನಲ್ಲಿ ಹಾಡಲು ಹೊರಟರು ಎಂದರೆ ತಪ್ಪಾಗದು.

2007ರಲ್ಲಿ ಈ ಕಂಠ ಗೆಲ್ಲಲಿಲ್ಲವೇಕೆ? ‘ಅಮೆರಿಕನ್ ಐಡಲ್’ ಆಗ ತನ್ನ ಉತ್ತುಂಗದಲ್ಲಿತ್ತು. 2002ರ ಜೂನ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಆರಂಭವಾದ ಈ ಸ್ಪರ್ಧೆಯ 6ನೇ ಆವೃತ್ತಿಯ ಕೊನೆಯ ಸಂಚಿಕೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಅಂತಿಮ ಸುತ್ತಿನಲ್ಲಿ 7 ಕೋಟಿ 40 ಲಕ್ಷ ಮತಗಳು ಬಿದ್ದವು. ಇಷ್ಟು ದೊಡ್ಡ ಜನಸಮೂಹದ ಮುಂದೆ ನಿಂತ ಗಾಯಕನಿಂದ ಸ್ಪರ್ಧೆ ಕೇಳುತ್ತಿದ್ದದ್ದು ಕಂಠವನ್ನಷ್ಟೇ ಅಲ್ಲ, ಪಾಪ್ ತಾರೆಯ ರೂಪುರೇಷೆಯನ್ನು. ಸ್ಪರ್ಧಿಯ ವಯಸ್ಸಿಗೆ 28ರ ಮಿತಿಯಿತ್ತು. ಮೂವತ್ತರ ಹೊಸ್ತಿಲಿನ ಹತ್ತಿರವಿದ್ದ ಹೆಡ್, ಮೊದಲ ಆಯ್ಕೆಯಲ್ಲಿ ತೀರ್ಪುಗಾರರನ್ನು ಬೆರಗುಗೊಳಿಸಿದರೂ ನಂತರದ ಸುತ್ತುಗಳಲ್ಲಿ ತಾವು ಯಾವ ಬಗೆಯ ಗಾಯಕ ಎಂಬುದನ್ನು ಪ್ರೇಕ್ಷಕರಿಗೆ ಸ್ಪಷ್ಟಪಡಿಸಲಾಗದೆ ಹೋದರು. ಒಂದು ವಾರ ಸೋಲ್, ಇನ್ನೊಂದು ವಾರ ರಾಕ್. ಕೊನೆಯ ವಾರ ಅವರು ಹಾಡಿದ್ದು ಪರ್ಲ್ ಜ್ಯಾಮ್ ತಂಡದ ಹಾಡು. ಕಂಠ ಎಲ್ಲವನ್ನೂ ತಾಳಿಕೊಂಡಿತು, ಆದರೆ ಫೋನ್ ಹಿಡಿದು ಕುಳಿತ ಪ್ರೇಕ್ಷಕನಿಗೆ ಇವರನ್ನು ಏನೆಂದು ನೆನಪಿಟ್ಟುಕೊಳ್ಳಬೇಕು ಎಂಬುದು ತಿಳಿಯಲಿಲ್ಲ.

ಅವರು ಹೊರಬಿದ್ದ ವಾರ ಉಳಿದುಕೊಂಡವರಲ್ಲಿ ಸಂಜಯ ಮಲಾಕರ್ ಎಂಬ 17 ವರ್ಷದ ಹುಡುಗನೂ ಇದ್ದ. ತಂದೆಯ ಕಡೆಯಿಂದ ಭಾರತೀಯ ಮೂಲದ ಈ ಹುಡುಗನ ಹೆಸರು ಆ ದಿನಗಳಲ್ಲಿ ಇಲ್ಲಿನ ಪತ್ರಿಕೆಗಳಲ್ಲಿಯೂ ಕಾಣಿಸುತ್ತಿತ್ತು. ಅವನ ಗಾಯನವನ್ನು ತೀರ್ಪುಗಾರರು ಟೀಕಿಸಿದಷ್ಟೂ ಮತಗಳು ಬೀಳುತ್ತಿದ್ದವು. ಅತಿ ದುರ್ಬಲ ಸ್ಪರ್ಧಿಗೇ ಮತ ಹಾಕಿ ಎಂದು ಕರೆ ಕೊಡುವ ಒಂದು ಜಾಲತಾಣ ಮತ್ತು ರೇಡಿಯೋ ನಿರೂಪಕ ಹೊವಾರ್ಡ್ ಸ್ಟರ್ನ್ ಅವನ ಪರವಾಗಿ ನಿಂತಿದ್ದರು. ಸಂಜಯ ಏಪ್ರಿಲ್ ಮಧ್ಯದವರೆಗೂ ಉಳಿದು ಏಳನೆಯ ಸ್ಥಾನ ಪಡೆದ. ಹುಡುಗನ ಮೇಲೆ ಹರಿದ ಆ ಕಟು ಮಾತುಗಳು ಇಂದಿಗೂ ನೋವು ತರಿಸುತ್ತವೆ. ಅವನದು ಯಾವ ತಪ್ಪೂ ಇರಲಿಲ್ಲ. ಆದರೆ ಆ ವಾರದ ಫಲಿತಾಂಶ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು. ಪ್ರೇಕ್ಷಕರು ಅಳೆಯುತ್ತಿದ್ದದ್ದು ಹಾಡನ್ನಲ್ಲ, ಮುಂದಿನ ವಾರವೂ ಯಾರ ಕಥೆಯನ್ನು ನೋಡಬೇಕು ಎಂಬುದನ್ನು. 2004ರಲ್ಲಿ ಇದೇ ವೇದಿಕೆಯಲ್ಲಿ ಏಳನೆಯವರಾಗಿ ಹೊರಬಿದ್ದಿದ್ದ ಜೆನಿಫರ್ ಹಡ್ಸನ್, ಹೆಡ್ ಹೊರಬೀಳುವ ಹತ್ತೇ ದಿನಗಳಷ್ಟು ಹಿಂದೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಪಡೆದಿದ್ದರು.

‘ದಿ ವಾಯ್ಸ್’ ಬಂದದ್ದು ಈ ಅತೃಪ್ತಿಯ ನಡುವೆಯೇ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜಾನ್ ಡಿ ಮೋಲ್ ರೂಪಿಸಿದ ಈ ಮಾದರಿ 2011ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಬಂತು. ಮುಖ ನೋಡದೆ ಕಂಠ ಕೇಳುತ್ತೇವೆ ಎಂಬುದೇ ಅದರ ಮೂಲ ಭರವಸೆ. ವಯಸ್ಸಿನ ಮೇಲ್ಮಿತಿ ಇಲ್ಲದ್ದರಿಂದ, ಉದ್ಯಮದಲ್ಲಿ ಒಮ್ಮೆ ಅವಕಾಶ ಪಡೆದು ಕಳೆದುಕೊಂಡವರಿಗೂ ಅದು ತೆರೆದ ಬಾಗಿಲಾಯಿತು. ಹೆಡ್ ಗೆದ್ದ ವರ್ಷ ಎರಡನೆಯ ಸ್ಥಾನ ಪಡೆದ ಬಿಲ್ಲಿ ಗಿಲ್ಮನ್ 2000ದಲ್ಲೇ ಬಾಲಗಾಯಕನಾಗಿ ಕಂಟ್ರಿ ಪಟ್ಟಿಗಳನ್ನು ಏರಿ, ಪ್ರಾಯ ಬಂದು ಕಂಠ ಒಡೆದ ಮೇಲೆ ಮರೆಯಾಗಿದ್ದವರು. ಹೊಸ ಪ್ರತಿಭೆಗಳ ಸ್ಪರ್ಧೆಯೆಂದು ಕರೆಯುವುದಕ್ಕಿಂತ ಎರಡನೆಯ ಅವಕಾಶದ ಸ್ಪರ್ಧೆಯೆಂದು ಕರೆಯುವುದೇ ಹೆಚ್ಚು ಸರಿ.

ಕುರ್ಚಿಯ ಆ ಒಂದೂವರೆ ನಿಮಿಷದಿಂದ ಮೊದಲುಗೊಂಡು ಕೊನೆಯ ರಾತ್ರಿಯವರೆಗೂ ಹೆಡ್ ಈ ಬಾರಿ ತಮ್ಮ ದಾರಿಯನ್ನು ಬಿಡಲಿಲ್ಲ. ಕಂಟ್ರಿ ಗಾಯಕ ಬ್ಲೇಕ್ ಶೆಲ್ಟನ್ ಅವರ ತಂಡದಲ್ಲಿದ್ದುಕೊಂಡು, ಸೋಲ್ ಹಾಡುಗಳನ್ನು ಕಂಟ್ರಿಯ ಕಡೆಗೂ ಕಂಟ್ರಿ ಹಾಡುಗಳನ್ನು ಸೋಲ್ ಕಡೆಗೂ ತಿರುಗಿಸುತ್ತ ಹೋದರು. ಎಟಾ ಜೇಮ್ಸ್ ಹಾಡಿ ಹೆಸರಾದ ‘ಅಟ್ ಲಾಸ್ಟ್’ ಅವರ ಕಂಠದಲ್ಲಿ ಬಂತು, ಅದೂ ವಿಳಂಬ ತಿಶ್ರದ್ದೇ. ಅಂತಿಮ ಸುತ್ತಿನಲ್ಲಿ ತಾವೇ ಬರೆದ ಹಾಡೊಂದನ್ನು ಹಾಡಿದರು. ಜೊತೆಗೆ ಶೆಲ್ಟನ್ ಅವರೊಂದಿಗೆ ಸೇರಿ ತಂದೆಯ ‘ಟ್ರೀಟ್ ಹರ್ ರೈಟ್’ ಹಾಡಿದರು. ಅರ್ಧ ಶತಮಾನ ಹಿಂದಿನ ಹಾಡು. ತಂದೆ ಆಗಿನ್ನೂ ಬದುಕಿದ್ದರು. ಟಿವಿ ಸ್ಪರ್ಧೆಗಳಲ್ಲಿ ಕುಟುಂಬದ ಕಥೆಯನ್ನು ಕಣ್ಣೀರಿಗಾಗಿ ಬಳಸುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಕಥೆ ಹಾಡಿನೊಳಗೇ ಇತ್ತು: ಮೊದಲ ಸುತ್ತಿನ ರೆಡ್ಡಿಂಗ್ ಹಾಡೂ ಕೊನೆಯ ಸುತ್ತಿನ ತಂದೆಯ ಹಾಡೂ 1965ರವು, ಒಂದು ಕಪ್ಪು ಗಾಯಕನದು, ಇನ್ನೊಂದು ಬಿಳಿಯ ಗಾಯಕನದು.

ಗೆದ್ದವರಿಗೆ ಸಿಗುವುದು 1 ಲಕ್ಷ ಡಾಲರ್ ಮತ್ತು ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್‌ನೊಂದಿಗೆ ಧ್ವನಿಮುದ್ರಣದ ಒಪ್ಪಂದ. ನಿಜವಾದ ವಿಶ್ಲೇಷಣೆ ಶುರುವಾಗಬೇಕಾದದ್ದು ಇಲ್ಲಿಂದ.

ಹೆಡ್ ಗೆದ್ದದ್ದು ಡಿಸೆಂಬರ್ 13ರಂದು. ‘ದಿ ವಾಯ್ಸ್’ನ 12ನೇ ಆವೃತ್ತಿ ಆರಂಭವಾದದ್ದು 2017ರ ಫೆಬ್ರವರಿ 27ರಂದು. ನಡುವೆ ಇದ್ದದ್ದು 76 ದಿನ. ಆ ಎರಡೂವರೆ ತಿಂಗಳಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆಗಳೂ ಸೇರಿದ್ದವು. ಅದಾದ ಮೇಲೆ ವಾಹಿನಿಯ ಪ್ರಚಾರವೆಲ್ಲ ಹೊಸ ಸ್ಪರ್ಧಿಗಳ ಕಡೆಗೆ ಹರಿಯಿತು. ಕೆಂಪು ಕುರ್ಚಿಗಳ ಮುಂದೆ ಬೇರೆ ಕಂಠಗಳು ನಿಂತವು. ವರ್ಷಕ್ಕೆ ಎರಡು ಆವೃತ್ತಿ ನಡೆಸುವ ಪದ್ಧತಿಯಿಂದಾಗಿ ವಾಹಿನಿಗೆ ಗೆದ್ದವರಿಗಿಂತ ಗೆಲ್ಲಲಿರುವವರೇ ಮುಖ್ಯ. ಪ್ರತಿ ಆವೃತ್ತಿಯಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡು ಪ್ರೇಕ್ಷಕರಿಗೆ ಆಪ್ತರಾಗುವವರು ತರಬೇತುದಾರರೇ ಹೊರತು ಗಾಯಕರಲ್ಲ. ಹೆಡ್ ಅವರ ಗೆಲುವು ಶೆಲ್ಟನ್ ಅವರಿಗೆ ತರಬೇತುದಾರರಾಗಿ ಐದನೆಯದು. 2023ರಲ್ಲಿ ಅವರು ಕಾರ್ಯಕ್ರಮ ಬಿಡುವ ಹೊತ್ತಿಗೆ ಆ ಲೆಕ್ಕ ಒಂಬತ್ತಕ್ಕೆ ಏರಿತ್ತು.

‘ಐಡಲ್’ನ ಆರಂಭದ ವರ್ಷಗಳಲ್ಲಿ ವ್ಯವಸ್ಥೆ ಬೇರೆಯಾಗಿತ್ತು. ಅದನ್ನು ರೂಪಿಸಿದ ಸೈಮನ್ ಫುಲ್ಲರ್ ಅವರ ಸಂಸ್ಥೆಯೇ ಗಾಯಕರ ವ್ಯವಹಾರವನ್ನೂ ನೋಡಿಕೊಳ್ಳುತ್ತಿತ್ತು. ವರ್ಷಕ್ಕೆ ಒಂದೇ ಆವೃತ್ತಿ, ಅದು ಮುಗಿದ ಬಳಿಕ ಬೇಸಿಗೆಯಲ್ಲಿ ಊರೂರು ಸುತ್ತುವ ಸಂಗೀತ ಪ್ರವಾಸ. ಗಾಯಕ ಗೆದ್ದರೆ ಕಾರ್ಯಕ್ರಮ ನಡೆಸುವವರಿಗೂ ಲಾಭ ಬರುತ್ತಿತ್ತು. ಆ ಒಪ್ಪಂದಗಳು ಗಾಯಕರನ್ನು ಬಿಗಿಯಾಗಿ ಕಟ್ಟಿಹಾಕುತ್ತಿದ್ದವು ಎಂಬುದೂ ನಿಜ. ಆದರೆ ಕೆಲ್ಲಿ ಕ್ಲಾರ್ಕ್‌ಸನ್, ಕ್ಯಾರಿ ಅಂಡರ್‌ವುಡ್ ಅವರಂಥ ತಾರೆಯರು ಹುಟ್ಟಿದ್ದರಲ್ಲಿ ಈ ಹೊಂದಾಣಿಕೆಯ ಪಾತ್ರ ಸಣ್ಣದಲ್ಲ. ‘ದಿ ವಾಯ್ಸ್’ನಲ್ಲಿ ಕಾರ್ಯಕ್ರಮ ತಯಾರಿಸುವವರು ಒಬ್ಬರು, ಆಲ್ಬಂ ತರಬೇಕಾದ ಕಂಪನಿ ಇನ್ನೊಂದು. ತಾನು ಹುಡುಕಿ ತಂದ ಗಾಯಕನ ಬಗ್ಗೆ ಕಂಪನಿಗಿರುವ ಹಟ, ಒಪ್ಪಂದದ ಪ್ರಕಾರ ಕೈಗೆ ಬಂದ ಗಾಯಕನ ಬಗ್ಗೆ ಇರುವುದಿಲ್ಲ. ಮೊದಲ ಆವೃತ್ತಿಯ ವಿಜೇತ ಹಾವಿಯೆರ್ ಕೊಲೋನ್ ಸಾಕಷ್ಟು ಪ್ರಚಾರ ಸಿಗಲಿಲ್ಲವೆಂದು 2012ರಲ್ಲೇ ಕಂಪನಿಯನ್ನು ಬಿಟ್ಟರು. ತರಬೇತುದಾರ ಆಡಂ ಲೆವೀನ್ ಕೂಡ ಗೆದ್ದವರನ್ನು ಧ್ವನಿಮುದ್ರಣ ಕಂಪನಿ ಸರಿಯಾಗಿ ಬೆಳೆಸುವುದಿಲ್ಲವೆಂದು ಬಹಿರಂಗವಾಗಿಯೇ ದೂರಿದ್ದುಂಟು.

ಗೆಲುವಿನ ಅಂಕಿಗಳೇ ದಾರಿ ತಪ್ಪಿಸುವಂಥವು. ಹಲವು ಆವೃತ್ತಿಗಳಲ್ಲಿ ‘ದಿ ವಾಯ್ಸ್’ ಸ್ಪರ್ಧಿಗಳ ಹಾಡನ್ನು ಐಟ್ಯೂನ್ಸ್‌ನಲ್ಲಿ ಖರೀದಿಸಿದರೆ ಅದೂ ಒಂದು ಮತವೆಂದು ಎಣಿಸಲಾಗುತ್ತಿತ್ತು. ಹಾಡು ಮೊದಲ ಹತ್ತರೊಳಗೆ ಬಂದರೆ ಆ ಮತಗಳಿಗೆ ಹೆಚ್ಚಿನ ಬೆಲೆ. ಅಭಿಮಾನಿಗಳು ಹಾಡು ಕೊಳ್ಳುತ್ತಿದ್ದದ್ದು ಗಾಯಕನನ್ನು ಉಳಿಸಲು. 2014ರ ಡಿಸೆಂಬರ್‌ನಲ್ಲಿ ಗೆದ್ದ ಕಂಟ್ರಿ ಗಾಯಕ ಕ್ರೇಗ್ ವೇಯ್ನ್ ಬಾಯ್ಡ್ ಅವರ ಹಾಡು ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಗೆ ನೇರವಾಗಿ ಮೊದಲ ಸ್ಥಾನದಲ್ಲಿ ಕಾಲಿಟ್ಟಿತು. ಮರುವಾರ ಪಟ್ಟಿಯಲ್ಲಿ ಅದು ಎಲ್ಲಿಯೂ ಇರಲಿಲ್ಲ. ಒಂದೇ ವಾರದಲ್ಲಿ ಶಿಖರದಿಂದ ಶೂನ್ಯಕ್ಕೆ. ಮತದ ರೂಪದ ಖರೀದಿ ಕೇಳುವಿಕೆಯಾಗಿ ಮುಂದುವರಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಕಂಟ್ರಿ ಸಂಗೀತದಲ್ಲಿ ಹಾಡೊಂದು ರೇಡಿಯೋ ಮೂಲಕ ಮೇಲೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಂಪನಿಯ ಪ್ರಚಾರ ಸಿಬ್ಬಂದಿ ಊರೂರಿನ ಕೇಂದ್ರಗಳಿಗೆ ಹೋಗಿ ಮನವೊಲಿಸಬೇಕು, ಗಾಯಕ ಅಲ್ಲಿನ ಕಾರ್ಯಕ್ರಮ ನಿರ್ದೇಶಕರ ಮುಂದೆ ಗಿಟಾರ್ ಹಿಡಿದು ಕುಳಿತು ಹಾಡಬೇಕು, ಪ್ರಸಾರದ ಸಂಖ್ಯೆ ವಾರವಾರವೂ ಸ್ವಲ್ಪ ಸ್ವಲ್ಪ ಹೆಚ್ಚಬೇಕು. 76 ದಿನಗಳಲ್ಲಿ ಆಗುವ ಕೆಲಸವಲ್ಲ ಇದು. ಹೆಡ್ ಅವರ ‘ಸ್ಟೇನ್ಡ್ ಗ್ಲಾಸ್ ಅಂಡ್ ನಿಯಾನ್’ ಆಲ್ಬಂ ಬಂದದ್ದು 2019ರಲ್ಲಿ, ಅಂತಿಮ ರಾತ್ರಿಯ ಬಿಸಿ ಎಂದೋ ಆರಿದ ಮೇಲೆ.

ಇಲ್ಲಿಯೇ ಕಪಾಟಿನ ಪ್ರಶ್ನೆಯೂ ಬರುತ್ತದೆ. ಕಂಟ್ರಿ ರೇಡಿಯೋ ಇಂದಿಗೂ ತನ್ನ ಪಟ್ಟಿಯನ್ನು ಬಿಗಿಯಾಗಿ ಕಾಯುತ್ತದೆ. ಸೋಲ್ ಕೇಳುವವರ ಕೇಂದ್ರಗಳು ಕೌಬಾಯ್ ಟೋಪಿಯ ಊರಿನವನನ್ನು ಹಾಕುವುದಿಲ್ಲ. ನಡುವಿನವನು ಎರಡೂ ಕಡೆ ಅತಿಥಿ. ಕೆಲವರು ಈ ಅಡ್ಡಿಯನ್ನು ದಾಟಿದ್ದಾರೆ ಎಂಬುದೂ ನಿಜ. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ವರ್ಷಗಟ್ಟಲೆ ಇತರರಿಗಾಗಿ ಹಾಡು ಬರೆಯುತ್ತಿದ್ದ ಕ್ರಿಸ್ ಸ್ಟೇಪಲ್ಟನ್ 2015ರ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿ ಸಮಾರಂಭದಲ್ಲಿ ಜಸ್ಟಿನ್ ಟಿಂಬರ್‌ಲೇಕ್ ಜೊತೆ ಹಾಡಿದ ಒಂದು ರಾತ್ರಿಯಿಂದ, ಆರು ತಿಂಗಳ ಹಿಂದೆ ಬಂದಿದ್ದ ಅವರ ಆಲ್ಬಂ ಮೊದಲ ಸ್ಥಾನಕ್ಕೆ ನೆಗೆಯಿತು. ಅಂದು ಅವರು ಹಾಡಿದ್ದೂ ಹಳೆಯ ಕಂಟ್ರಿ ಹಾಡನ್ನು ವಿಳಂಬ ತಿಶ್ರದ ಸೋಲ್ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹೆಡ್ ಅವರ ಗೆಲುವಿಗೆ ಆ ರಾತ್ರಿ ನೆಲ ಹದಮಾಡಿತು ಎಂದು ನಾನು ನಂಬುತ್ತೇನೆ; ಒಂದು ವರ್ಷದ ಹಿಂದಷ್ಟೇ ದೇಶವೆಲ್ಲ ಇಂಥದೊಂದು ಗಡ್ಡದ ಕಂಠವನ್ನು ಮೆಚ್ಚಿತ್ತು. ಆದರೆ ಸ್ಟೇಪಲ್ಟನ್ ಅವರ ಹಿಂದೆ ನ್ಯಾಶ್‌ವಿಲ್‌ನ ಬರಹಗಾರರ, ವಾದ್ಯಗಾರರ, ಕಂಪನಿಗಳ ಒಂದು ದಶಕಕ್ಕೂ ಮಿಕ್ಕ ಸ್ನೇಹವಿತ್ತು. ಹೆಡ್ ಅವರ ಹಿಂದೆ ಇದ್ದದ್ದು ಮೂರು ತಿಂಗಳ ಟಿವಿ.

ಬಿಳಿಯ ಗಾಯಕನಿಗೇ ಹೀಗಾದರೆ ಕಪ್ಪು ಗಾಯಕಿಯರಿಗೆ ಈ ದಾರಿ ಇನ್ನೂ ಕಿರಿದು. ಟೆಕ್ಸಸ್‌ನವರೇ ಆದ ಮಿಕ್ಕಿ ಗೈಟನ್ ‘ಐಡಲ್’ನ 8ನೇ ಆವೃತ್ತಿಯಲ್ಲಿ ನೇರ ಪ್ರಸಾರದ ಸುತ್ತು ಮುಟ್ಟದೆ ಹೊರಬಿದ್ದವರು, ಮುಂದೆ ಗ್ರ್ಯಾಮಿಯ ಕಂಟ್ರಿ ಏಕವ್ಯಕ್ತಿ ಗಾಯನ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಮೆಂಫಿಸ್‌ನ ವೆಂಡಿ ಮೋಟನ್ 1990ರ ದಶಕದಲ್ಲಿ ಆರ್ ಅಂಡ್ ಬಿ ಗಾಯಕಿಯಾಗಿ ಹೆಸರು ಮಾಡಿ, ನಂತರ ವಿನ್ಸ್ ಗಿಲ್‌ರಂಥ ಕಂಟ್ರಿ ಗಾಯಕರ ಹಿಂದೆ ಸಹಗಾಯಕಿಯಾಗಿ ದುಡಿದವರು. 2021ರಲ್ಲಿ ಐವತ್ತು ದಾಟಿದ ವಯಸ್ಸಿನಲ್ಲಿ ‘ದಿ ವಾಯ್ಸ್’ಗೆ ಬಂದರು, ನೇರ ಪ್ರಸಾರದ ವೇದಿಕೆಯಲ್ಲಿ ಮುಗ್ಗರಿಸಿ ಬಿದ್ದು ಎರಡೂ ಕೈಗಳಿಗೆ ಪೆಟ್ಟು ಮಾಡಿಕೊಂಡರು, ಪಟ್ಟಿ ಕಟ್ಟಿಕೊಂಡೇ ಮರಳಿ ಬಂದು ಹಾಡಿ ಎರಡನೆಯ ಸ್ಥಾನ ಪಡೆದರು. ಮರುವರ್ಷ ಅವರ ಆಲ್ಬಂ ತಯಾರಿಸಿದ್ದು ಸ್ಪರ್ಧೆಯ ಕಂಪನಿಯಲ್ಲ, ಅದೇ ಹಳೆಯ ಗೆಳೆಯ ವಿನ್ಸ್ ಗಿಲ್. ಹ್ಯೂಸ್ಟನ್‌ನಲ್ಲಿ ಹುಟ್ಟಿದ ಬಿಯಾನ್ಸೆ ಅವರಂಥ ಜಗತ್ಪ್ರಸಿದ್ಧ ಗಾಯಕಿಯ ಕಂಟ್ರಿ ಆಲ್ಬಂಗೇ 2024ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಒಂದು ನಾಮನಿರ್ದೇಶನವನ್ನೂ ಕೊಡಲಿಲ್ಲ; ಮರುವರ್ಷದ ಫೆಬ್ರವರಿಯಲ್ಲಿ ಅದೇ ಆಲ್ಬಂ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಪಡೆಯಿತು. 1920ರ ದಶಕದಲ್ಲಿ ಎಬ್ಬಿಸಿದ ಗೋಡೆ ಇಂದಿಗೂ ನಿಂತಿದೆ.

ಕನ್ನಡದ ಓದುಗರಿಗೆ ಈ ಸ್ಪರ್ಧೆಗಳ ಲೋಕ ಅಪರಿಚಿತವಲ್ಲ. ಎಸ್. ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ವಿನಿಂದ ಜೀ ಕನ್ನಡದ ‘ಸರಿಗಮಪ’ದವರೆಗೆ ನಾವೂ ಇದನ್ನು ನೋಡುತ್ತ ಬಂದಿದ್ದೇವೆ. ಆದರೆ ಒಂದು ಮೂಲಭೂತ ವ್ಯತ್ಯಾಸವಿದೆ. ನಮ್ಮಲ್ಲಿ ಗಾಯಕರಿಗೆ ದೊಡ್ಡ ಕೆಲಸ ಸಿಗುವುದು ಸಿನಿಮಾ ಹಿನ್ನೆಲೆ ಗಾಯನದಲ್ಲಿ, ಆ ಕೆಲಸ ಕೊಡುವವರು ಸಂಗೀತ ನಿರ್ದೇಶಕರು, ಮತ್ತು ಹಂಸಲೇಖ, ಅರ್ಜುನ್ ಜನ್ಯ ಅವರಂಥ ಸಂಗೀತ ನಿರ್ದೇಶಕರೇ ತೀರ್ಪುಗಾರರ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಹಾಡು ಕೇಳುವವರೂ ಹಾಡಿಸುವವರೂ ಒಬ್ಬರೇ ಆಗಿರುವಲ್ಲಿ, ಗೆಲ್ಲದವರಿಗೂ ಒಂದು ದಾರಿ ತೆರೆಯಬಹುದು. ಅಮೆರಿಕದ ಕೆಂಪು ಕುರ್ಚಿಯಲ್ಲಿ ಕುಳಿತವರು ಸ್ವತಃ ಗಾಯಕರು. ಮೆಚ್ಚುವ ಅಧಿಕಾರವಷ್ಟೇ ಅವರದು.

ಈಗ ಬಾಗಿಲುಗಳೇ ಬದಲಾಗುತ್ತಿವೆ. 2014ರಲ್ಲಿ ‘ದಿ ವಾಯ್ಸ್’ನ ನೇರ ಸುತ್ತು ತಲುಪುವ ಮೊದಲೇ ಹೊರಬಿದ್ದ ಮಾರ್ಗನ್ ವಾಲೆನ್ ಇಂದು ಕಂಟ್ರಿಯಲ್ಲಿ ಅತಿ ಹೆಚ್ಚು ಕೇಳಿಸಿಕೊಳ್ಳುವ ಗಾಯಕರಲ್ಲಿ ಒಬ್ಬರು; 2023ರಲ್ಲಿ ಅವರ ಆಲ್ಬಂ 16 ವಾರ ಮೊದಲ ಸ್ಥಾನದಲ್ಲಿತ್ತು. ಇನ್ನೂ ಹೆಚ್ಚು ಗಮನಿಸಬೇಕಾದವರು ಜಾರ್ಜಿಯಾದ ಟೆಡ್ಡಿ ಸ್ವಿಮ್ಸ್. ಮೈತುಂಬ ಹಚ್ಚೆ, ಗಡ್ಡ, ದಪ್ಪ ಮೈಕಟ್ಟು, ಸೋಲ್ ಮತ್ತು ಕಂಟ್ರಿ ಎರಡನ್ನೂ ಕುಡಿದ ಕಂಠ. ನೋಡಿದರೆ ಹೆಡ್ ಅವರ ತಮ್ಮನೆನ್ನಬಹುದು. ಅವರು ಹೆಸರಾದದ್ದು ಯಾವ ಸ್ಪರ್ಧೆಯಿಂದಲೂ ಅಲ್ಲ. 2019ರಿಂದ ಇತರರ ಹಾಡುಗಳನ್ನು ತಮ್ಮ ರೀತಿಯಲ್ಲಿ ಹಾಡಿ ಯೂಟ್ಯೂಬ್‌ನಲ್ಲಿ ಹಾಕುತ್ತ ಬಂದರು. ಒಬ್ಬೊಬ್ಬರೇ ಕೇಳುಗರು ಸೇರಿದರು, ಕಂಪನಿ ಆಮೇಲೆ ಬಂತು. ಅವರ ‘ಲೂಸ್ ಕಂಟ್ರೋಲ್’ 2024ರ ಇಡೀ ವರ್ಷದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೆಯದಾಯಿತು. ಆ ಹಾಡಿನ ನಡೆಯೂ ತಿಶ್ರ. ಹೆಡ್ 2016ರಲ್ಲಿ ಕೆಂಪು ಕುರ್ಚಿಗಳ ಮುಂದೆ ಮಾಡಿದ್ದನ್ನೇ ಸ್ವಿಮ್ಸ್ ಮನೆಯ ಕ್ಯಾಮೆರಾ ಮುಂದೆ ಮಾಡಿದರು. ವ್ಯತ್ಯಾಸವಿಷ್ಟೇ: ಒಬ್ಬರ ಕೇಳುಗರು ಆವೃತ್ತಿ ಮುಗಿದೊಡನೆ ವಾಹಿನಿಯೊಂದಿಗೆ ಹೊರಟುಹೋದರು, ಇನ್ನೊಬ್ಬರ ಕೇಳುಗರು ಅವರ ಬಳಿಯೇ ಉಳಿದರು.

ರಾಯ್ ಹೆಡ್ 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಗನ ಹೆಸರು ದೊಡ್ಡ ಸುದ್ದಿಯಲ್ಲಿ ಮತ್ತೆ ಕಾಣಿಸಿದ್ದು 2024ರ ನವೆಂಬರ್‌ನಲ್ಲಿ, ಟೆಕ್ಸಸ್‌ನಲ್ಲಿ ತಮ್ಮದೇ ಬಂದೂಕು ಆಕಸ್ಮಿಕವಾಗಿ ಸಿಡಿದು ಅವರು ಗಾಯಗೊಂಡಾಗ. ಅದೃಷ್ಟವಶಾತ್ ಜೀವಕ್ಕೆ ಅಪಾಯವಾಗಲಿಲ್ಲ. ಅಂದಿನ ಶೀರ್ಷಿಕೆಗಳಲ್ಲಿ ಅವರ ಹೆಸರಿಗಿಂತ ಮುಂದೆ ‘ದಿ ವಾಯ್ಸ್ ವಿಜೇತ’ ಎಂಬ ಮಾತಿತ್ತು. ಗೆದ್ದು ಎಂಟು ವರ್ಷವಾದ ಮೇಲೂ, ನಡುವೆ ಅಷ್ಟೊಂದು ಹಾಡುಗಳನ್ನು ಹಾಡಿದ ಮೇಲೂ, ಅವರನ್ನು ಗುರುತಿಸಲು ಪತ್ರಿಕೆಗಳಿಗೆ ಬೇಕಾದದ್ದು ಕಾರ್ಯಕ್ರಮದ ಹೆಸರು. ತಂದೆಯ ಮರಣವಾರ್ತೆಗಳಲ್ಲಿ ಆ ಜಾಗದಲ್ಲಿ ಇದ್ದದ್ದು ಒಂದು ಹಾಡಿನ ಹೆಸರು.